ರೊಟ್ಟಿ ಉಂಡರೂ ರಕ್ತ ಯಾಕೆ ಕಡಿಮೆ?

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಮ್ಮ ದೊಡ್ಡವ್ವನ ಮನೆಯಲ್ಲಿ ಕಳೆದ ವರ್ಷ ನಡೆದದ್ದು ಇದು. ವೈನಿಗೆ, ಅಂದರೆ ದೊಡ್ಡವ್ವನ ಸೊಸೆಗೆ, ಆಗ ಐದು ತಿಂಗಳು. ಊರಿನ ಅಂಗನವಾಡಿಯಲ್ಲಿ ತಪಾಸಣೆ ಇತ್ತು. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಅಂಗೈಯಷ್ಟು ಚಿಕ್ಕ ಮಷೀನಿಗೆ ಹಾಕಿದರು. ಹಿಮೋಗ್ಲೋಬಿನ್, ಅಂದರೆ ರಕ್ತದ ಪ್ರಮಾಣ, 8.9 ಅಂತ ಬಂತು, ಇರಬೇಕಾದ್ದಕ್ಕಿಂತ ಕಡಿಮೆ. ತಾಯಿ ಕಾರ್ಡಿನಲ್ಲಿ ಕೆಂಪು ಪೆನ್ನಿನಿಂದ ಬರೆದು, ಸುತ್ತ ಒಂದು ಗುಂಡು ಹಾಕಿ ಕೊಟ್ಟರು.

ಮನೆಗೆ ಬಂದು ಹೇಳಿದಾಗ ದೊಡ್ಡವ್ವನಿಗೆ ಸಿಟ್ಟೇ ಬಂತು. "ಹೊತ್ತ ಹೊತ್ತಿಗೆ ರೊಟ್ಟಿ ಉಣ್ತಾಳ, ಕಾಳು ಐತಿ, ಪಲ್ಯ ಐತಿ, ಮನ್ಯಾಗ ಹೈನ ಐತಿ. ರಕ್ತ ಯಾಕ ಕಡಿಮಿ ಆಗ್ತೈತಿ? ಆ ಮಷೀನ ಸುಳ್ಳ ಹೇಳ್ತೈತಿ," ಅಂದಳು.

ಈ ಮಾತನ್ನು ಸುಮ್ನೆ ತಳ್ಳಿಹಾಕೋ ಹಾಗಿಲ್ಲ. ಅದರಲ್ಲಿ ಎರಡು ಪ್ರಶ್ನೆ ಇವೆ. ಇಷ್ಟು ಉಂಡರೂ ರಕ್ತ ಯಾಕೆ ಕಡಿಮೆ, ಇದು ಒಂದು. ಅಳೆದದ್ದು ಸರಿ ಇದೆಯಾ, ಇದು ಇನ್ನೊಂದು. ಆಹಾರ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರು ವರ್ಷಗಟ್ಟಲೆ ಜಗಳ ಆಡುತ್ತಿರುವುದೂ ಈ ಎರಡರ ಮೇಲೇ.

ಮೊದಲು ನಮ್ಮ ರಾಜ್ಯದ ಲೆಕ್ಕ ನೋಡೋಣ. 2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 47.8% ಜನರಿಗೆ ರಕ್ತಹೀನತೆ. ಅದಕ್ಕೂ ಮುಂಚಿನ ಸಮೀಕ್ಷೆಯಲ್ಲಿ ಅದು 44.8% ಇತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5%. ಗುಳಿಗೆ ಹಂಚಿದ್ದಾಯಿತು, ಅಂಗನವಾಡಿಯಲ್ಲಿ ಬಿಸಿಯೂಟ ಹಾಕಿದ್ದಾಯಿತು, ಆದರೂ ಲೆಕ್ಕ ಇಳಿಯಲಿಲ್ಲ, ಏರಿತು. ಇದು ನನ್ನನ್ನು ತುಂಬಾ ಕಾಡುತ್ತದೆ. ಯಾಕಂದ್ರೆ ನಮ್ಮ ಕಡೆ ಊಟ ಕೆಟ್ಟದ್ದಲ್ಲ. ಜೋಳದ ರೊಟ್ಟಿ, ಮಡಿಕೆ ಕಾಳು, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಪುಂಡಿ ಪಲ್ಯ, ಮೊಸರು. ಪೇಟೆಯ ಡಯಟ್ ಹೇಳುವವರು ಇವತ್ತು ದುಡ್ಡು ಕೊಟ್ಟು ತಿನ್ನಿ ಅನ್ನೋ ಊಟ ಇದೇ ಅಲ್ವಾ?

ನಮ್ಮಲ್ಲಿ ಒಂದು ಮಾತಿದೆ, "ಉಂಡದ್ದು ಮೈಗೆ ಹತ್ತಬೇಕು" ಅಂತ. ಮಗು ಎಷ್ಟು ತಿಂದರೂ ಸೊರಗಿದ್ದರೆ ಅಜ್ಜಿಯಂದಿರು ಹೇಳುತ್ತಾರೆ, "ಇವಕ್ಕ ಉಂಡದ್ದು ಮೈಗೆ ಹತ್ತವಲ್ದು." ಇಡೀ ವಿಷಯ ಈ ಮಾತಿನಲ್ಲೇ ಇದೆ. ತಾಟಿನಲ್ಲಿರುವುದು ಒಂದು, ಮೈಗೆ ಹತ್ತುವುದು ಇನ್ನೊಂದು, ಹತ್ತಿದ ಮೇಲೆ ಆರೋಗ್ಯದಲ್ಲಿ ಏನು ಬದಲಾಯಿತು ಅನ್ನೋದು ಮತ್ತೊಂದು. ಪೇಪರಿನಲ್ಲಿ, ವಾಟ್ಸಾಪಿನಲ್ಲಿ ಬರುವ "ಇದು ತಿಂದರೆ ಅದು ವಾಸಿ" ಅನ್ನೋ ಸುದ್ದಿಗಳು ಈ ಮೂರನ್ನೂ ಒಂದೇ ಅಂತ ತೋರಿಸಿಬಿಡುತ್ತವೆ.

ರಕ್ತಕ್ಕೆ ಬೇಕಾದ ಕಬ್ಬಿಣದ ದೃಷ್ಟಿಯಿಂದ ವೈನಿಯ ತಾಟನ್ನೇ ಲೆಕ್ಕ ಹಾಕೋಣ. ದಿನಕ್ಕೆ ನಾಲ್ಕು ರೊಟ್ಟಿ ಅಂತ ಹಿಡಿಯಿರಿ. ಒಂದು ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟು ಅಂದರೆ 240 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇದೆ. ಅಲ್ಲಿಗೆ ನಾಲ್ಕು ರೊಟ್ಟಿಯಿಂದ ಒಂಬತ್ತೂವರೆ ಮಿಲಿಗ್ರಾಂ. ಕೇಳೋಕೆ ಚೆನ್ನಾಗಿದೆ. ಆದರೆ ಕಾಳು, ಧಾನ್ಯ, ಸೊಪ್ಪಿನಲ್ಲಿರುವ ಕಬ್ಬಿಣ ಪೂರ್ತಿ ಒಳಗೆ ಹೋಗುವುದಿಲ್ಲ. ನಮ್ಮಂಥ ಊಟದಲ್ಲಿ 100ಕ್ಕೆ 5ರಿಂದ 8 ಭಾಗ ಹತ್ತಿದರೆ ಹೆಚ್ಚು. ಅಂದರೆ ನಾಲ್ಕು ರೊಟ್ಟಿಯಿಂದ ರಕ್ತಕ್ಕೆ ಸೇರುವುದು ಅರ್ಧದಿಂದ ಮುಕ್ಕಾಲು ಮಿಲಿಗ್ರಾಂ. ಮುಟ್ಟಾಗುವ ಹೆಂಗಸಿನ ಮೈಯಿಂದ, ತಿಂಗಳ ಲೆಕ್ಕವನ್ನು ದಿನಕ್ಕೆ ಹಂಚಿ ನೋಡಿದರೆ, ದಿನಾ ಹೊರಗೆ ಹೋಗುವುದೇ ಒಂದೂವರೆ ಮಿಲಿಗ್ರಾಂ ಹತ್ತಿರ. ಉಳಿದದ್ದನ್ನು ಕಾಳು, ಪಲ್ಯ ತುಂಬಬೇಕು. ಬಸುರಿಯಾದ ಮೇಲಂತೂ ಒಂಬತ್ತು ತಿಂಗಳಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಕೂಸಿಗೆ, ಮಾಸಿಗೆ, ಹೆಚ್ಚಾಗುವ ರಕ್ತಕ್ಕೆ, ಹೆರಿಗೆಯಲ್ಲಿ ಹೋಗುವ ರಕ್ತಕ್ಕೆ. ಬರೀ ರೊಟ್ಟಿಯ ಮೇಲೆ ಈ ಲೆಕ್ಕ ಸರಿ ಹೋಗೋದಿಲ್ಲ, ಎಷ್ಟು ಗಟ್ಟಿ ಜೋಳ ಇದ್ದರೂ.

ಯಾಕೆ ಹತ್ತುವುದಿಲ್ಲ? ಜೋಳ, ಗೋಧಿ, ಕಾಳುಗಳ ಸಿಪ್ಪೆಯ ಹತ್ತಿರ ಫೈಟೇಟ್ ಅನ್ನೋ ಒಂದು ವಸ್ತು ಇರುತ್ತದೆ. ಬೀಜ ಮೊಳಕೆ ಒಡೆಯುವಾಗ ಬೇಕಾಗುವ ರಂಜಕವನ್ನು ಕೂಡಿಡುವುದು ಅದರ ಕೆಲಸ. ಅದು ಕಬ್ಬಿಣ ಮತ್ತು ಸತುವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಕರುಳಿನಲ್ಲಿ ಬಿಟ್ಟುಕೊಡುವುದಿಲ್ಲ. ಕಾಳು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಒಡೆಯುತ್ತದೆ. ಅಂಬಲಿ ಹುಳಿ ಬರಿಸಿದರೂ ಅಷ್ಟೇ. ಮಡಿಕೆ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಪಲ್ಯ ಮಾಡುತ್ತಿದ್ದ ನಮ್ಮ ಅಜ್ಜಿಗೆ ಫೈಟೇಟ್ ಗೊತ್ತಿರಲಿಲ್ಲ, ಆದರೆ ಮಾಡುತ್ತಿದ್ದದ್ದು ಸರಿಯಾಗಿಯೇ ಇತ್ತು. ಈಗ ಕುಕ್ಕರ್ ಬಂದ ಮೇಲೆ ನೆನೆಸುವುದೇ ಕಡಿಮೆಯಾಗಿದೆ, ನೇರವಾಗಿ ನಾಲ್ಕು ಸೀಟಿ ಹೊಡೆಸಿಬಿಡುತ್ತೇವೆ.

ಇನ್ನು ಚಾ. ನಮ್ಮ ದೊಡ್ಡವ್ವನ ಮನೆಯಲ್ಲಿ ಉಂಡ ತಾಟು ಎತ್ತುವ ಮುಂಚೆಯೇ ಚಾದ ಗಿಂಡಿ ಒಲೆ ಮೇಲೆ ಇರುತ್ತದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ. ಚಾದಲ್ಲಿರುವ ಒಗರು ಅಂಶ ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಒಳಗೆ ಬಿಡುವುದಿಲ್ಲ. ಇದು 1970ರ ದಶಕದಿಂದಲೇ ಗೊತ್ತಿರುವ ವಿಷಯ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಹೆಂಗಸರ ಮೇಲೆ ಆಗಲೇ ಇದನ್ನು ಅಳೆದು ನೋಡಿದ್ದರು. ಬ್ರಿಟನ್ನಿನಲ್ಲಿ 12 ಹೆಂಗಸರ ಮೇಲೆ ನಡೆದ, 2017ರಲ್ಲಿ ವರದಿಯಾದ ಒಂದು ಪ್ರಯೋಗ ಇನ್ನೂ ಉಪಯೋಗದ ಮಾತು ಹೇಳಿತು. ಊಟದ ಜೊತೆಗೇ ಚಾ ಕುಡಿದಾಗ ಕಬ್ಬಿಣ ಹತ್ತುವುದು ಸುಮಾರು 37% ಇಳಿಯಿತು. ಒಂದು ತಾಸು ಬಿಟ್ಟು ಕುಡಿದಾಗ ಇಳಿತ ಅದರ ಅರ್ಧದಷ್ಟೇ. ಚಾ ಬಿಡಿ ಅಂದರೆ ವಿಜಯಪುರದಲ್ಲಿ ಯಾರೂ ಕೇಳೋದಿಲ್ಲ, ಕೇಳಬೇಕಾಗಿಯೂ ಇಲ್ಲ. ಒಂದು ತಾಸು ತಡೆದು ಕುಡಿಯಿರಿ ಅಂದರೆ ಕೇಳಬಹುದು.

ಚಾಕ್ಕೆ ಉಲ್ಟಾ ಕೆಲಸ ಮಾಡುವುದು ಲಿಂಬೆ. ಸಿ ಜೀವಸತ್ವ ಫೈಟೇಟಿನ ಹಿಡಿತ ಸಡಿಲಿಸಿ ಕಬ್ಬಿಣವನ್ನು ಕರಗಿಸಿ ಕೊಡುತ್ತದೆ. ಇಂಡಿಯ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಸಿಕ್ಕಿತು, ಆ ತಾಲ್ಲೂಕಿನ ಹೆಸರೇ ಲಿಂಬೆಯ ಜೊತೆ ಓಡಾಡುತ್ತದೆ. ದೊಡ್ಡವ್ವನ ಹೊಲದಲ್ಲೂ ಎರಡು ಎಕರೆ ಲಿಂಬೆ ಇದೆ. ಚೀಲ ತುಂಬಿ ಮಾರುಕಟ್ಟೆಗೆ ಕಳಿಸುತ್ತಾರೆ. ಮನೆಯ ಜಗಲಿ ಮೇಲೆ ಒಡೆದ, ಸಣ್ಣ ಕಾಯಿ ಬುಟ್ಟಿಯಲ್ಲಿ ಯಾವಾಗಲೂ ಬಿದ್ದಿರುತ್ತವೆ. ಆದರೆ ವೈನಿಯ ತಾಟಿನಲ್ಲಿ ನಾನು ಲಿಂಬೆ ಹೋಳು ಕಂಡದ್ದು ಕಡಿಮೆ. ಉಪ್ಪಿನಕಾಯಿ ಇರುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಇಟ್ಟ ಉಪ್ಪಿನಕಾಯಿಯಲ್ಲಿ ಸಿ ಜೀವಸತ್ವ ಬಹಳ ಉಳಿಯುವುದಿಲ್ಲ. ಪಲ್ಯ ಕುದಿಯುವಾಗ ಹಿಂಡಿದರೂ ಅಷ್ಟೇ, ಶಾಖಕ್ಕೆ ಬಹಳಷ್ಟು ಹಾಳಾಗುತ್ತದೆ. ತಾಟಿಗೆ ಬಡಿಸಿದ ಮೇಲೆ ಹಸಿಯಾಗಿ ಹಿಂಡಬೇಕು.

ಹೈದರಾಬಾದಿನಲ್ಲಿ ಹದಿಹರೆಯದ ಮಕ್ಕಳ ಮೇಲೆ ಪೇರಲ ಹಣ್ಣಿಟ್ಟು ಇದನ್ನೇ ನೋಡಿದ್ದಾರೆ, 2013ರಲ್ಲಿ ಪ್ರಕಟವಾಯಿತು. ಅನ್ನದ ಊಟದ ಜೊತೆ ಪೇರಲ ಕೊಟ್ಟಾಗ ಕಬ್ಬಿಣ ಹತ್ತುವ ಪ್ರಮಾಣ ಎರಡು ಪಟ್ಟಿಗೂ ಜಾಸ್ತಿ ಆಯಿತು. ಆದರೆ ಇಲ್ಲೇ ಒಂದು ಎಚ್ಚರ ಬೇಕು. ಒಂದು ಊಟದಲ್ಲಿ ಹೆಚ್ಚು ಹತ್ತಿತು ಅಂದ ಮಾತ್ರಕ್ಕೆ ಮೂರು ತಿಂಗಳಲ್ಲಿ ರಕ್ತ ಅಷ್ಟೇ ಪಟ್ಟು ಏರುತ್ತದೆ ಅಂತಲ್ಲ. 2020ರಲ್ಲಿ ಪ್ರಕಟವಾದ ಚೀನಾದ ಒಂದು ಪ್ರಯೋಗದಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದ 440 ಜನರಿಗೆ ಕಬ್ಬಿಣದ ಗುಳಿಗೆ ಕೊಟ್ಟು, ಅರ್ಧ ಜನರಿಗೆ ಜೊತೆಗೆ ಸಿ ಜೀವಸತ್ವದ ಗುಳಿಗೆಯನ್ನೂ ಕೊಟ್ಟರು. ಎರಡೂ ಗುಂಪಿನಲ್ಲಿ ರಕ್ತ ಏರಿದ್ದು ಹತ್ತಿರಹತ್ತಿರ ಒಂದೇ. ಇವೆರಡು ಒಂದಕ್ಕೊಂದು ವಿರುದ್ಧ ಅಲ್ಲ. ಗುಳಿಗೆಯಲ್ಲಿ ಕಬ್ಬಿಣ ಧಾರಾಳ ಇರುತ್ತದೆ, ಅಲ್ಲಿ ಲಿಂಬೆಯ ಸಹಾಯ ಅಷ್ಟು ಬೇಕಾಗುವುದಿಲ್ಲ. ರೊಟ್ಟಿ, ಕಾಳಿನ ಜೊತೆ ಬೇಕು. ಹೀಗೆ ಯಾರಿಗೆ, ಯಾವ ಊಟದ ಜೊತೆ, ಎಷ್ಟು ದಿನ ಅಂತ ಕೇಳದೆ "ಲಿಂಬೆ ಒಳ್ಳೇದಾ?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ.

ರೊಟ್ಟಿ ಜೊತೆ ಹಕ್ಕರಕಿ, ಮೆಂತ್ಯ, ಮೂಲಂಗಿ ಎಲೆ, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ತಿನ್ನುವ ನಮ್ಮ ರೂಢಿ ಇದೆಯಲ್ಲ, ಅದು ಈ ಲೆಕ್ಕದಲ್ಲಿ ನೋಡಿದರೆ ಬಹಳ ಜಾಣತನದ್ದು. ಹಸಿ ಸೊಪ್ಪಿನ ಸಿ ಜೀವಸತ್ವ ಸುಡದೆ ಹಾಗೇ ಹೊಟ್ಟೆಗೆ ಹೋಗುತ್ತದೆ. ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಕೊನೆಗೆ ಉಣ್ಣಲು ಕೂತ ಹೆಂಗಸಿಗೆ ಆ ಸೊಪ್ಪು ಎಷ್ಟು ಉಳಿದಿರುತ್ತದೆ ಅನ್ನೋದು ಬೇರೆ ಮಾತು. ಅಲ್ಲ, ಬೇರೆ ಮಾತಲ್ಲ. ಅದೇ ಮಾತು. ಪಲ್ಯದ ಪಾತ್ರೆಯ ತಳದಲ್ಲಿ ಉಳಿದ ಎಣ್ಣೆ, ಎರಡು ರೊಟ್ಟಿ, ಹಿಂಡಿ, ಮೇಲೆ ಒಂದು ಲೋಟ ಚಾ. ಮನೆಯಲ್ಲಿ ಏನು ಬೇಯುತ್ತದೆ ಅಂತ ಕೇಳಿದರೆ ಸಾಲದು, ಅವಳ ತಾಟಿಗೆ ಏನು ಬೀಳುತ್ತದೆ ಅಂತ ನೋಡಬೇಕು.

ಈ ವಿಷಯದಲ್ಲಿ ನಮ್ಮ ಬೆಳಗಾವಿಯಲ್ಲೇ ಒಂದು ಒಳ್ಳೆಯ ಕೆಲಸ ನಡೆದಿದೆ, ಆದರೆ ನಮ್ಮವರಿಗೇ ಅದು ಅಷ್ಟಾಗಿ ಗೊತ್ತಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದವರ ಜೊತೆ ಸೇರಿ ಎರಡು ವರ್ಷದ ಆಸುಪಾಸಿನ 40 ಮಕ್ಕಳಿಗೆ ಸಜ್ಜೆಯ ಹಿಟ್ಟಿನ ತಿನಿಸು ಕೊಟ್ಟರು. ಕೆಲವು ಮಕ್ಕಳಿಗೆ ಮಾಮೂಲಿ ಸಜ್ಜೆ, ಉಳಿದವರಿಗೆ ತಳಿ ಆಯ್ಕೆ ಮಾಡಿ ಬೆಳೆಸಿದ, ಕಬ್ಬಿಣ ಮತ್ತು ಸತು ಜಾಸ್ತಿ ಇರುವ ಸಜ್ಜೆ. ಇಂಥ ಪ್ರಯೋಗದಲ್ಲಿ ಆಹಾರಕ್ಕೆ ಗುರುತು ಇರುವ ಕಬ್ಬಿಣವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಸೇರಿಸುತ್ತಾರೆ. ವಿಕಿರಣ ಇಲ್ಲದ್ದು, ಅಪಾಯ ಇಲ್ಲದ್ದು, ತೂಕದಲ್ಲಿ ಮಾತ್ರ ಮಾಮೂಲಿ ಕಬ್ಬಿಣಕ್ಕಿಂತ ಸ್ವಲ್ಪ ಬೇರೆ. ಎರಡು ವಾರ ಬಿಟ್ಟು ರಕ್ತ ತೆಗೆದು ನೋಡಿದರೆ ಆ ಗುರುತಿನ ಕಬ್ಬಿಣ ಎಷ್ಟು ರಕ್ತಕ್ಕೆ ಸೇರಿದೆ ಅಂತ ತಿಳಿಯುತ್ತದೆ. ಅಂದರೆ "ಮೈಗೆ ಹತ್ತಿದ್ದನ್ನು" ಅಕ್ಷರಶಃ ಎಣಿಸಬಹುದು.

2013ರಲ್ಲಿ ಫಲಿತಾಂಶ ಬಂತು. ಮಾಮೂಲಿ ಸಜ್ಜೆ ತಿಂದ ಮಕ್ಕಳಿಗೆ ದಿನಕ್ಕೆ ಹತ್ತಿದ ಕಬ್ಬಿಣ ಸರಾಸರಿ 0.23 ಮಿಲಿಗ್ರಾಂ. ಹೊಸ ಸಜ್ಜೆ ತಿಂದವರಿಗೆ 0.67. ಹತ್ತಿರಹತ್ತಿರ ಮೂರು ಪಟ್ಟು, ಆ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದ್ದಕ್ಕಿಂತ ತುಸು ಜಾಸ್ತಿಯೇ. ಸತುವೂ ಜಾಸ್ತಿ ಹತ್ತಿತು. ಔಷಧಿ ಇಲ್ಲ, ಗುಳಿಗೆ ಇಲ್ಲ, ಬರೀ ಬೀಜ ಬದಲಾಗಿದೆ. ಆಮೇಲೆ ಮಹಾರಾಷ್ಟ್ರದ ಅಹ್ಮದ್‌ನಗರದ ಕಡೆ 12ರಿಂದ 16 ವರ್ಷದ ಶಾಲಾ ಮಕ್ಕಳಿಗೆ ಆರು ತಿಂಗಳು ಇಂಥದ್ದೇ ಸಜ್ಜೆಯ ಭಾಕರಿ, ಅಂದರೆ ನಮ್ಮ ರೊಟ್ಟಿಯೇ, ಕೊಟ್ಟು ನೋಡಿದರು. ಮೊದಲೇ ಕಬ್ಬಿಣದ ಕೊರತೆ ಇದ್ದ ಮಕ್ಕಳಲ್ಲಿ ಕೊರತೆ ನೀಗುವ ಸಾಧ್ಯತೆ ಮಾಮೂಲಿ ಸಜ್ಜೆ ತಿಂದವರಿಗಿಂತ 1.64 ಪಟ್ಟು ಇತ್ತು. ಇದು 2015ರ ವರದಿ. ಹೈದರಾಬಾದಿನ ಇಕ್ರಿಸ್ಯಾಟ್ ಅನ್ನೋ ಬೆಳೆ ಸಂಶೋಧನಾ ಸಂಸ್ಥೆ ಬೆಳೆಸಿದ 'ಧನಶಕ್ತಿ' ಅನ್ನೋ ಕಬ್ಬಿಣ ಜಾಸ್ತಿ ಇರುವ ಸಜ್ಜೆ 2014ರಲ್ಲೇ ದೇಶಕ್ಕೆಲ್ಲ ಬಿಡುಗಡೆಯಾಗಿದೆ.

ಸಜ್ಜೆ ನಮ್ಮ ಕಡೆ ಹೊಸದಲ್ಲ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರಲೇಬೇಕು. ಆದರೆ ಬಹಳ ಮನೆಗಳಲ್ಲಿ ಈಗ ಅದು ಹಬ್ಬಕ್ಕೆ ಮಾತ್ರ. ಜೋಳ ಬಿಟ್ಟು ಸಜ್ಜೆ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ಹಿಟ್ಟಿನ ಗಿರಣಿಗೆ ಹೋಗುವಾಗ ಚಳಿಗಾಲದಲ್ಲಿ ವಾರಕ್ಕೆ ಎರಡು ದಿನದ ಸಜ್ಜೆ ಬೇರೆ ಬೀಸಿಸಿಕೊಂಡು ಬಂದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಬೀಜ ಕೊಡುವವರು ಇಳುವರಿ ಎಷ್ಟು ಅಂತ ಹೇಳುವಾಗ ಕಬ್ಬಿಣ ಎಷ್ಟು ಅಂತಲೂ ಹೇಳಬೇಕು.

ರೇಷನ್ ಅಕ್ಕಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಅದರಲ್ಲಿ 100 ಕಾಳಿಗೆ ಒಂದರಂತೆ, ಕಬ್ಬಿಣದ ಜೊತೆ ಫೋಲಿಕ್ ಆಮ್ಲ (ಫೋಲೇಟ್), ಬಿ12 ಅನ್ನೋ ಜೀವಸತ್ವಗಳನ್ನು ಸೇರಿಸಿದ ಕಾಳು ಬೆರೆಸೋಕೆ ಶುರು ಮಾಡಿದ್ದರು. ಅದು ಸ್ವಲ್ಪ ಬೇರೆ ಬಣ್ಣ ಕಾಣುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ ಅಂತ "ಪ್ಲಾಸ್ಟಿಕ್ ಅಕ್ಕಿ" ಅನ್ನೋ ಸುದ್ದಿ ಹಬ್ಬಿ, ಹೆಂಗಸರು ಮೊರದಲ್ಲಿ ಆರಿಸಿ ಎಸೆದದ್ದನ್ನು ನಾನೇ ನೋಡಿದ್ದೇನೆ. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿನಿಂದಲೇ ಮಾಡಿದ್ದು. ಆದರೆ ಅದರಿಂದ ರಕ್ತಹೀನತೆ ಓಡಿಹೋಗುತ್ತದೆ ಅಂತ ಹೇಳುವುದೂ ಸರಿಯಲ್ಲ. 2019ರಲ್ಲಿ ಕಾಕ್ರೇನ್ ಅನ್ನೋ ಅಂತಾರಾಷ್ಟ್ರೀಯ ಸಂಶೋಧಕರ ತಂಡ ಇಂಥ ಅಕ್ಕಿಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ರಕ್ತಹೀನತೆಯ ಮೇಲೆ ಪರಿಣಾಮ ಕಡಿಮೆ ಅಥವಾ ಇಲ್ಲವೇ ಇಲ್ಲ ಅಂದಿತು.

ಈಗ ದೊಡ್ಡವ್ವನ ಎರಡನೇ ಪ್ರಶ್ನೆ. ಮಷೀನು ಸುಳ್ಳು ಹೇಳುತ್ತದಾ?

ಸ್ವಲ್ಪ ಹೇಳಬಹುದು. ಆ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಅಳೆದಿದ್ದರು. ಬೆರಳು ತಣ್ಣಗಿದ್ದರೆ, ರಕ್ತ ಬರಲಿ ಅಂತ ಜೋರಾಗಿ ಹಿಂಡಿದರೆ, ಹನಿಯಲ್ಲಿ ಬೇರೆ ದ್ರವ ಸೇರಿ ರಕ್ತ ತೆಳುವಾದ ಹಾಗೆ ಕಾಣಬಹುದು. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಮಕ್ಕಳ ನರದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿದರು. ಅಲ್ಲಿ ದೇಶದ 1ರಿಂದ 4 ವರ್ಷದ ಮಕ್ಕಳಲ್ಲಿ ರಕ್ತಹೀನತೆ 40.5%. ಬೆರಳು ಚುಚ್ಚಿ ನೋಡಿದ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನವರ ಲೆಕ್ಕ 67.1%. ವಯಸ್ಸು, ವರ್ಷ ಸ್ವಲ್ಪ ಬೇರೆ ಇರಬಹುದು, ಆದರೂ ಇಷ್ಟು ದೊಡ್ಡ ಅಂತರಕ್ಕೆ ಅಳೆಯುವ ರೀತಿಯೂ ಒಂದು ಕಾರಣ. ಹಾಗಂತ 40.5% ಅಂದರೆ ಕಡಿಮೆಯಾ? ಐದು ಮಕ್ಕಳಲ್ಲಿ ಇಬ್ಬರು! ಅಳತೆ ತಪ್ಪಿದೆ ಅನ್ನೋದು ರೋಗ ಇಲ್ಲ ಅನ್ನೋದಕ್ಕೆ ನೆಪ ಆಗಬಾರದು. ಬೆರಳಿನ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಒಮ್ಮೆ ನರದ ರಕ್ತ ಕೊಟ್ಟು ಖಾತ್ರಿ ಮಾಡಿಕೊಳ್ಳಿ ಅನ್ನೋದಷ್ಟೇ ನನ್ನ ಮಾತು. ವೈನಿಗೂ ಹಾಗೇ ಮಾಡಿಸಿದೆವು. 9.2 ಬಂತು. ಮಷೀನು ಹೇಳಿದ್ದು ಹೆಚ್ಚು ಕಡಿಮೆ ನಿಜವೇ.

ಆ ಲ್ಯಾಬಿನ ಸಮೀಕ್ಷೆ ಇನ್ನೊಂದು ದೊಡ್ಡ ವಿಷಯ ಹೇಳಿತು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ರಕ್ತಹೀನತೆ ಇದ್ದ ಹದಿಹರೆಯದವರಲ್ಲಿ ಬರೀ ಕಬ್ಬಿಣದ ಕೊರತೆಯಿಂದ ಬಂದದ್ದು 21.3%. ಫೋಲೇಟ್ ಅಥವಾ ಬಿ12 ಕೊರತೆಯಿಂದ ಬಂದದ್ದು 25.6%. ಎರಡೂ ಸೇರಿದ್ದು 18.2%. ಬೇರೆ ಕಾರಣಗಳಿಂದ 31.4%. ನಾವು ರಕ್ತ ಕಡಿಮೆ ಅಂದ ತಕ್ಷಣ ಕಬ್ಬಿಣ ಅಂತೀವಿ, ಬೀಟ್‌ರೂಟ್ ತಿನ್ನು ಅಂತೀವಿ. ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧ ಇಲ್ಲ, 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣ ಕೂಡ ಇಲ್ಲ. ಮಹಾಲಿಂಗಪುರದ ಬೆಲ್ಲ ಬಹಳ ರುಚಿ, ಆದರೆ ಬಾಯಿ ಸಿಹಿಗೆ ತಿನ್ನುವ ಒಂದು ತುಣುಕಿನಲ್ಲಿ ಸಿಗುವ ಕಬ್ಬಿಣ ಅಷ್ಟಕ್ಕಷ್ಟೇ.

ಬಿ12 ಗಿಡದಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ನಮ್ಮ ಕಡೆ ಶಾಕಾಹಾರಿ ಮನೆಗಳು ಬಹಳ. ಹೈನ ಇದೆ ಅಂದಳಲ್ಲ ದೊಡ್ಡವ್ವ, ಇದೆ ನಿಜ. ಎರಡು ಎಮ್ಮೆ. ಆದರೆ ಹಾಲು ಬೆಳಿಗ್ಗೆ ಡೇರಿಗೆ ಹೋಗುತ್ತದೆ, ಮನೆಗೆ ಉಳಿದದ್ದು ಚಾಕ್ಕೆ. ವೈನಿಯ ಪಾಲಿಗೆ ಬರುವುದು ನೀರು ಮಜ್ಜಿಗೆ. ವಿಜಯಪುರದ ಡಾಕ್ಟರು ಬಿ12 ಪರೀಕ್ಷೆ ಬರೆದುಕೊಟ್ಟರು, ಅದೂ ಕಡಿಮೆಯೇ ಬಂತು. ಇಂಜೆಕ್ಷನ್ ಶುರುವಾಯಿತು.

ಬಸುರಿ ಹೆಂಗಸರಲ್ಲಿ ಇದು ಬರೀ ಸುಸ್ತಿನ ಪ್ರಶ್ನೆ ಅಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಪುಣೆ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದೆ. ಬಸುರಿಯಲ್ಲಿ ಫೋಲೇಟ್ ಜಾಸ್ತಿ, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಹೆಚ್ಚು ಕಂಡಿತು ಅಂತ 2008ರಲ್ಲಿ ಬರೆದರು. ಸಕ್ಕರೆ ಕಾಯಿಲೆಯ ದಾರಿ ಅಲ್ಲಿಂದ ಶುರುವಾಗುತ್ತದೆ. ಹಿಂಬಾಲಿಸಿ ನೋಡುವ ಅಧ್ಯಯನದಿಂದ ಇದೇ ಕಾರಣ ಅಂತ ಪೂರ್ತಿ ಸಾಬೀತಾಗುವುದಿಲ್ಲ, ಅದನ್ನು ನೆನಪಿಡಬೇಕು. ಆದರೂ ಫೋಲಿಕ್ ಗುಳಿಗೆ ಕೊಡುವಾಗ ಬಿ12 ಮರೆಯಬಾರದು ಅನ್ನೋಕೆ ಇದು ಗಟ್ಟಿ ಸೂಚನೆ.

ಶಾಲೆಯ ಮೊಟ್ಟೆಯ ಗಲಾಟೆಯನ್ನು ನಾನು ಈ ಕಣ್ಣಿನಿಂದ ನೋಡುತ್ತೇನೆ. 2021ರ ಡಿಸೆಂಬರಿನಲ್ಲಿ ಸರಕಾರ ಬಿಸಿಯೂಟದಲ್ಲಿ ಮೊಟ್ಟೆ ಶುರು ಮಾಡಿದಾಗ ಮೊದಲ ಪಟ್ಟಿಯ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆಯಿಂದ ಕಬ್ಬಿಣ ಅಷ್ಟೇನೂ ಹತ್ತುವುದಿಲ್ಲ, ಅದು ರಕ್ತದ ಗುಳಿಗೆ ಅಲ್ಲ. ಆದರೆ ಬಿ12 ಇದೆ, ಒಳ್ಳೆಯ ಪ್ರೋಟೀನ್ ಇದೆ. ಬಾಳೆಹಣ್ಣಿನಲ್ಲಿ ಎರಡೂ ಇಲ್ಲ ಅನ್ನಬಹುದು. ತಿನ್ನದ ಮನೆಯ ಮಗುವಿಗೆ ಮೊಟ್ಟೆಯ ಬದಲು ಕೊಡಬೇಕಾದ್ದು ಹಾಲು, ಮೊಸರು. ಬಾಳೆಹಣ್ಣು ಕೊಟ್ಟು ಸಮ ಆಯಿತು ಅಂದರೆ ಆ ಮಗುವಿಗೆ ಅನ್ಯಾಯ ಮಾಡಿದ ಹಾಗೆ.

ಇನ್ನು ಗುಳಿಗೆ. ಬಸುರಿಯರಿಗೆ ಸರಕಾರ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, 180 ದಿನ ತಗೋಬೇಕು, ಹೆರಿಗೆ ಆದ ಮೇಲೂ ಇನ್ನೂ 180 ದಿನ. ರಕ್ತ ಕಡಿಮೆ ಇದ್ದರೆ ದಿನಕ್ಕೆ ಎರಡು. ವೈನಿಗೆ ಮೂರನೇ ತಿಂಗಳ ನಂತರ ಗುಳಿಗೆ ಸಿಕ್ಕಿದ್ದವು. ಆದರೆ 8.9 ಬಂದ ದಿನ ನೋಡಿದರೆ ಅಡುಗೆಮನೆಯ ಮಾಡದಲ್ಲಿ, ಅರಿಶಿಣ ಡಬ್ಬಿಯ ಹಿಂದೆ, ಮೂರು ಪಟ್ಟಿ ಒಡೆಯದೆ ಹಾಗೇ ಇದ್ದವು. ಯಾಕೆ ಅಂತ ಕೇಳಿದೆ. "ತಗೊಂಡ್ರ ಹೊಟ್ಟಿ ತೊಳಸತೈತಿ, ಸಂಡಾಸ ಕರ್ರಗ ಆಗತೈತಿ. ಕೂಸು ಕರ್ರಗ ಆಗತೈತಿ ಅಂತಾರ ಮಂದಿ," ಅಂದಳು. ತಗೊಂಡ ದಿನಗಳಲ್ಲೂ ಬೆಳಿಗ್ಗೆ ಚಾದ ಜೊತೆ, ಕ್ಯಾಲ್ಸಿಯಂ ಗುಳಿಗೆಯನ್ನೂ ಸೇರಿಸಿ ಒಂದೇ ಗುಟುಕಿಗೆ ನುಂಗಿದ್ದಳು. ಚಾ ಒಂದು ಕಡೆ ತಡೆಯುತ್ತದೆ, ಕ್ಯಾಲ್ಸಿಯಂ ಇನ್ನೊಂದು ಕಡೆ. ಕೊಟ್ಟವರು ಹೇಗೆ ತಗೋಬೇಕು ಅಂತ ಅವಳಿಗೆ ಹೇಳಿರಲಿಲ್ಲ. ನನಗೆ ನೋವಾದದ್ದು ಅದಕ್ಕೆ. ಎರಡು ನಿಮಿಷದ ಮಾತು.

ಸಂಡಾಸು ಕಪ್ಪಾಗುವುದು ಹತ್ತದೆ ಉಳಿದ ಕಬ್ಬಿಣದಿಂದ, ಅದರಿಂದ ತೊಂದರೆ ಇಲ್ಲ. ಕೂಸಿನ ಬಣ್ಣಕ್ಕೂ ಗುಳಿಗೆಗೂ ಸಂಬಂಧವೇ ಇಲ್ಲ. ಹೊಟ್ಟೆ ತೊಳೆಸಿದರೆ ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ ತಗೋಬಹುದು. ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ಕನಿಷ್ಠ ಎರಡು ತಾಸು ಅಂತರ ಇರಲಿ.

ಕ್ಯಾಲ್ಸಿಯಂ ಬಗ್ಗೆ 2024ರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಬೆಂಗಳೂರಿನಲ್ಲಿ 11,000, ತಾಂಜಾನಿಯಾದಲ್ಲಿ 11,000 ಬಸುರಿಯರ ಮೇಲೆ ನಡೆದ ಪ್ರಯೋಗದಲ್ಲಿ, ಬಸುರಿಯ ಬಿಪಿ ಕಾಯಿಲೆ ತಡೆಯೋದರಲ್ಲಿ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ 1,500 ಮಿಲಿಗ್ರಾಂಗಿಂತ ಹಿಂದೆ ಬೀಳಲಿಲ್ಲ. ಇದು ಚಿಕ್ಕ ವಿಷಯ ಅಲ್ಲ. ಗುಳಿಗೆ ಕಡಿಮೆಯಾದರೆ ತಗೊಳ್ಳುವವರು ಜಾಸ್ತಿಯಾಗುತ್ತಾರೆ.

ಕಬ್ಬಿಣದಲ್ಲೂ ಜಾಸ್ತಿ ಅಂದರೆ ಒಳ್ಳೇದು ಅಂತಲ್ಲ. ಗುಳಿಗೆ ತಗೊಂಡ ಮೇಲೆ ಯಕೃತ್ತು ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಡುತ್ತದೆ, ಅದು ಕರುಳಿನ ಬಾಗಿಲು ಒಂದು ದಿನ ಅರ್ಧ ಮುಚ್ಚಿದ ಹಾಗೆ ಮಾಡುತ್ತದೆ. 2017ರಲ್ಲಿ ವರದಿಯಾದ ಸ್ವಿಟ್ಜರ್ಲೆಂಡಿನ ಪ್ರಯೋಗದಲ್ಲಿ ಕಬ್ಬಿಣ ಕಡಿಮೆ ಇದ್ದರೂ ರಕ್ತಹೀನತೆ ಇಲ್ಲದ 40 ಹೆಂಗಸರಿಗೆ ದಿನಾ ಒಂದು ಮತ್ತು ದಿನ ಬಿಟ್ಟು ದಿನ ಒಂದು ಅಂತ ಕೊಟ್ಟು ನೋಡಿದರು. ದಿನಾ ಕೊಟ್ಟಾಗ ಹತ್ತಿದ್ದು 16.3%, ದಿನ ಬಿಟ್ಟು ಕೊಟ್ಟಾಗ 21.8%. ಇದನ್ನು ಓದಿ ಬಸುರಿಯರು ತಾವೇ ಗುಳಿಗೆ ಅರ್ಧ ಮಾಡಿಕೊಳ್ಳಬಾರದು, ಅವರ ಲೆಕ್ಕವೇ ಬೇರೆ, ದಿನಗಳೂ ಕಡಿಮೆ. ಸೋಂಕು, ಜ್ವರ ಇದ್ದಾಗಲೂ ಇದೇ ಹೆಪ್ಸಿಡಿನ್ ಏರುತ್ತದೆ. ಅಂದರೆ ಮೇಲಿಂದ ಮೇಲೆ ಜ್ವರ, ಭೇದಿ ಬರುವ ಮಗುವಿಗೆ ಎಷ್ಟು ಕಬ್ಬಿಣ ಕೊಟ್ಟರೂ ಬಾಗಿಲು ಮುಚ್ಚಿಯೇ ಇರುತ್ತದೆ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಕಾಲಿನಿಂದ ಒಳಗೆ ಸೇರುವ ಕೊಕ್ಕೆಹುಳ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ನೀರು, ಸಂಡಾಸು, ಚಪ್ಪಲಿ ಎಲ್ಲವೂ ಪೋಷಣೆಯ ಭಾಗವೇ.

ವಿಟಮಿನ್ ಗುಳಿಗೆ ಸುಮ್ನೆ ತಗೊಂಡರೆ ಏನು ತಪ್ಪು ಅಂತ ಕೇಳುವವರಿಗೆ ಎರಡೇ ಉದಾಹರಣೆ. ಫಿನ್ಲೆಂಡಿನಲ್ಲಿ 29,133 ಸಿಗರೇಟು ಸೇದುವ ಗಂಡಸರ ಮೇಲೆ ನಡೆದ, 1994ರಲ್ಲಿ ವರದಿಯಾದ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಗುಳಿಗೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಆಯಿತು, ಕಡಿಮೆ ಅಲ್ಲ. ಬೀಟಾ ಕ್ಯಾರೋಟಿನ್ ಇರುವ ಗಜ್ಜರಿ (ಕ್ಯಾರೆಟ್) ಹೆಚ್ಚು ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಅನ್ನೋ ಹಳೆಯ ಲೆಕ್ಕ ನೋಡಿ ಆ ಗುಳಿಗೆ ಕೊಟ್ಟಿದ್ದರು. ಅಮೆರಿಕದಲ್ಲಿ 25,871 ಜನರಿಗೆ ಡಿ ಜೀವಸತ್ವ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಕ್ಯಾನ್ಸರ್, ಹೃದಯಾಘಾತ ಬರುವುದು ಕಡಿಮೆಯಾಗಲಿಲ್ಲ. ಕೊರತೆ ಇದ್ದವರಿಗೆ ಔಷಧಿಯಾಗುವ ವಸ್ತು, ಕೊರತೆ ಇಲ್ಲದವರಿಗೆ ಏನೂ ಮಾಡದಿರಬಹುದು, ಕೆಟ್ಟದ್ದೂ ಮಾಡಬಹುದು.

ವೈನಿಯ ಮನೆಯಲ್ಲಿ ಮಾಡಿದ್ದು ಇಷ್ಟೇ. ಡಾಕ್ಟರು ಹೇಳಿದ ಎರಡು ಗುಳಿಗೆ, ಚಾದಿಂದ ದೂರ, ಕ್ಯಾಲ್ಸಿಯಂನಿಂದ ದೂರ. ಬಿ12 ಇಂಜೆಕ್ಷನ್. ರಾತ್ರಿ ಒಂದು ಲೋಟ ಹಾಲು ಅವಳಿಗೇ ಅಂತ ಬೇರೆ ಎತ್ತಿಡೋದು. ಮಡಿಕೆ ಕಾಳು ಮತ್ತೆ ಬಟ್ಟೆಯಲ್ಲಿ ಕಟ್ಟೋಕೆ ಶುರು ಮಾಡಿದರು. ಜಗಲಿಯ ಬುಟ್ಟಿಯಿಂದ ಊಟಕ್ಕೆ ಒಂದು ಲಿಂಬೆ. ಮತ್ತು ವೈನಿ ಈಗ ಅತ್ತೆಯ ಜೊತೆಗೇ ಉಣ್ಣಲು ಕೂರುತ್ತಾಳೆ. ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಆಗುವುದಿಲ್ಲ, ಹೆಚ್ಚಿನದ್ದು ಗುಳಿಗೆ ಮತ್ತು ಇಂಜೆಕ್ಷನ್ನಿನ ಕೆಲಸವೇ. ಎಂಟನೇ ತಿಂಗಳಲ್ಲಿ ನರದ ರಕ್ತ ಕೊಟ್ಟು ನೋಡಿದಾಗ 10.7 ಇತ್ತು.

ಆ ರಿಪೋರ್ಟು ತಂದ ದಿನ ದೊಡ್ಡವ್ವ ನನ್ನ ಹತ್ತಿರ ಬಂದು ಕೂತು, "ನಂದೂ ಒಮ್ಮಿ ನೋಡಸೋ ಯಪ್ಪಾ. ಮೆಟ್ಟಲ ಹತ್ತಿದ್ರ ಎದಿ ಹಾರತೈತಿ," ಅಂದಳು. ಅವಳಿಗೆ 62. ಸಮೀಕ್ಷೆ ಎಣಿಸಿದ್ದು 49 ವರ್ಷದವರೆಗಿನ ಹೆಂಗಸರನ್ನು, ಗುಳಿಗೆ ಹಂಚುವ ಯೋಜನೆಯ ಪಟ್ಟಿಯಲ್ಲೂ ಅವಳ ವಯಸ್ಸಿನವರಿಲ್ಲ. ಪರೀಕ್ಷೆ ಮಾಡಿಸಿದೆವು, 9.4 ಬಂತು. ಡಾಕ್ಟರು ಕೇಳಿದ್ದು ಊಟದ ಬಗ್ಗೆ ಅಷ್ಟೇ ಅಲ್ಲ. ಮೊಣಕಾಲು ನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗುತ್ತೀರಾ, ಎಷ್ಟು ವರ್ಷದಿಂದ, ಮೂಲವ್ಯಾಧಿ ಇದೆಯಾ ಅಂತ ಕೇಳಿದರು. ಮುಟ್ಟು ನಿಂತ ಮೇಲೆ ರಕ್ತ ಕಡಿಮೆಯಾದರೆ ಒಳಗೆ ಎಲ್ಲಾದರೂ ಸೋರುತ್ತಿದೆಯಾ ಅಂತ ಮೊದಲು ನೋಡಬೇಕಂತೆ. ನೋವಿನ ಗುಳಿಗೆ ಅವಳು ನಾಲ್ಕು ವರ್ಷದಿಂದ ತಗೊಳ್ಳುತ್ತಿದ್ದಾಳೆ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಮುಂದಿನ ವಾರ ಎಂಡೋಸ್ಕೋಪಿ ಇದೆ.